ಗುರುಗುಂಟಾದ ಬಾಗಿಲಿನ ಎಡಗಂಬ

ಮಸ್ಕಿಯ ನನ್ನ ಅಂಗಡಿಯಲ್ಲಿ ಈಗ ನಾನು ಕೆಲಸ ಮಾಡುವುದಿಲ್ಲ. ಕೈ ನಡುಗಲು ಶುರುವಾದ ಮೇಲೆ ಉಳಿ ಕೆಳಗಿಟ್ಟೆ. ಆದರೂ ಬೆಳಿಗ್ಗೆ ಹೋಗಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂಡುತ್ತೇನೆ. ನನ್ನ ಹಿಂದಿನ ಗೋಡೆಯಲ್ಲಿ ಪ್ರಶಸ್ತಿಯ ಫಲಕ ತೂಗುತ್ತಿದೆ. ಕಟ್ಟಿಗೆಯಲ್ಲಿ ಮನೆ ಕಟ್ಟುವವರಿಗೆ ಒಂದು, ಮಂಚ ಕುರ್ಚಿ ಮಾಡುವವರಿಗೆ ಒಂದು ಎಂದು ಕೊಡುವ ಪ್ರಶಸ್ತಿ ಅದು. ನನಗೆ ಮೊದಲನೆಯದು ಬಂತು. ಅದನ್ನು ನೋಡಿದ ಹೊಸ ಬಡಿಗರು ಕೇಳುತ್ತಾರೆ, “ಕಾಕಾ, ಇದು ನಮಗ ಬರಬೇಕಂದ್ರ ಏನ್ ಮಾಡಬೇಕ್ರೀ?”

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಬರೆದು ಹೇಳುವ ರೂಢಿಯಿಲ್ಲ. ಆದರೆ ಇವರಿಗೆ ಬಾಯಲ್ಲಿ ಹೇಳಿದಾಗಲೆಲ್ಲ ಒಂದು ವಿಷಯ ಬಿಟ್ಟು ಹೇಳಿದ್ದೇನೆ. ಆ ಫಲಕದ ಮೇಲೆ ಇರಬೇಕಾದ ಹೆಸರು ನನ್ನ ಅಣ್ಣ ಕಾಳಪ್ಪನದು. ಅವನಿಗೆ ಪ್ರಶಸ್ತಿ ಬರಲಿಲ್ಲ ಎನ್ನುವುದು ದೊಡ್ಡ ಮಾತಲ್ಲ. ನನ್ನ ಒಂದು ಸುಳ್ಳಿನಿಂದ ಅವನು ಬಾಗಿಲು ನಿಲ್ಲಿಸುವ ಕೆಲಸವನ್ನೇ ಕಳೆದುಕೊಂಡ. ಹೋದ ಹೆಸರನ್ನು ಅವನು ಬದುಕಿರುವಾಗಲೇ ಅವನಿಗೆ ವಾಪಸ್ಸು ಕೊಡುವುದು ನನ್ನ ಮೇಲಿತ್ತು. ಬಡಿಗತನಕ್ಕೆ ಬರುವವರಿಗೆ ನಾನು ಹೇಳಬೇಕಾದದ್ದೆಲ್ಲ ಇದರಲ್ಲೇ ಇದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಅಪ್ಪ ತೀರಿಕೊಂಡಾಗ ನನಗೆ ಮೀಸೆ ಚಿಗುರಿರಲಿಲ್ಲ. ಲಿಂಗಸುಗೂರಿನಲ್ಲಿ ನಮ್ಮ ಮನೆಯ ಮುಂದಿನ ಚಪ್ಪರವೇ ಅಂಗಡಿ. ಶಾಲೆ ಬಿಡಿಸಿ ಅಣ್ಣ ನನ್ನನ್ನು ಅಲ್ಲಿ ಕೂಡಿಸಿದ. ಗರಗಸ ಹಿಡಿಯುವುದು, ರಂದಾ ಎಳೆಯುವುದು ಕಲಿಸುತ್ತಾನೆ ಎಂದುಕೊಂಡಿದ್ದೆ. ಅವನು ಮೊದಲು ಕಲಿಸಿದ್ದು ಕೊಯ್ದ ಕಟ್ಟಿಗೆಯ ಬುಡ ಯಾವುದು, ತುದಿ ಯಾವುದು ಎಂದು ಗುರುತಿಸುವುದನ್ನು.

ನಮ್ಮ ಕಡೆ ಬಾಗಿಲ ಚೌಕಟ್ಟಿನ ಎರಡು ನಿಲುಗಂಬಗಳೂ, ಪಡಸಾಲೆಯ ಕಂಬಗಳೂ ಮರ ಹೇಗೆ ನೆಲದಲ್ಲಿ ನಿಂತಿತ್ತೋ ಹಾಗೆಯೇ ನಿಲ್ಲಬೇಕು. ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾದರೆ ಆ ಮನೆ ಏಳುವುದಿಲ್ಲ ಎಂದು ಜನ ನಂಬುತ್ತಾರೆ. ತೊಗಟೆ ಸಮೇತ ಇರುವ ದಿಮ್ಮಿಯಲ್ಲಿ ಬುಡ ಯಾರಿಗಾದರೂ ಕಾಣುತ್ತದೆ. ನಾಲ್ಕೂ ಮೈ ಕೊಯ್ದು ಚೌಕ ಮಾಡಿದ ಮೇಲೆ ಎರಡು ತುದಿಯೂ ಒಂದೇ ಥರ.

ಗೊರೇಬಾಳದಲ್ಲಿ ಒಂದು ಕೆಲಸಕ್ಕೆ ಹೋದಾಗ ಅಣ್ಣ ನನ್ನನ್ನು ಕಾಲುವೆಯ ದಂಡೆಗೆ ಕರೆದುಕೊಂಡು ಹೋದ. ಒಂದು ಸಾಗವಾನಿ ತುಂಡನ್ನು ಹಗ್ಗ ಕಟ್ಟಿ ನೀರಿಗೆ ಬಿಟ್ಟ.

“ಯಾವ ಕಡೀದು ಮುಳುಗಾಕತ್ತೈತಿ ನೋಡಲೇ ಮೌನ್ಯಾ.”

“ಈ ಕಡೀದಣ್ಣ.”

“ಅದ ಬುಡ. ಬುಡ ಯಾವತ್ತೂ ತೂಕ.”

“ಮನಿ ಮನಿಗೆ ಕಾಲುವಿ ಎಲ್ಲಿಂದ ತರೂದಣ್ಣ?”

“ಅದಕ್ಕ ಕೈ ಕೊಟ್ಟಾನ ದೇವ್ರು. ಕೈಗೆ ಕಲಿಸು.”

ಕಟ್ಟಿಗೆಯ ನಡುವನ್ನು ಅಂಗೈ ಮೇಲೆ ಇಟ್ಟು ತೂಗಿದರೆ ಬುಡ ಮೆಲ್ಲಗೆ ವಾಲುತ್ತದೆ. ಹಲಗೆಯ ಮೇಲೆ ಗೋಪುರದ ಹಾಗೆ ಕಾಣುವ ಗೆರೆಗಳ ಚೂಪು ಮರದ ತುದಿಯ ಕಡೆಗೆ ಇರುತ್ತದೆ. ಗಂಟು ಇದ್ದರೆ ಇನ್ನೂ ಸುಲಭ. ಕೊಂಬೆ ಮೇಲಕ್ಕೆ ಹೋಗುತ್ತದೆ, ಗಂಟಿನ ಸುತ್ತಲಿನ ಎಳೆಯೂ ಮೇಲಕ್ಕೇ ಹೋಗುತ್ತದೆ. ಹೀಗೆ ಬುಡ ಕಂಡುಕೊಂಡ ಮೇಲೆ ಅಣ್ಣ ಆ ತುದಿಯಲ್ಲಿ ಉಳಿಯಿಂದ ಒಂದು ಕಚ್ಚು ಹಾಕುತ್ತಿದ್ದ. ಅಳತೆಗೆ ಕತ್ತರಿಸುವಾಗ ಆ ತುದಿಯೇ ಹೋಗುವಂತಿದ್ದರೆ ಗರಗಸ ಇಡುವ ಮೊದಲು ಒಳಗಡೆ ಇನ್ನೊಂದು ಕಚ್ಚು. ಈ ಎರಡನೆಯ ಕಚ್ಚನ್ನು ನೆನಪಿಟ್ಟುಕೊಳ್ಳಿ.

ಕಟ್ಟಿಗೆ ತರಲು ಸಿಂಧನೂರಿಗೆ ಹೋಗುತ್ತಿದ್ದೆವು. ಅಲ್ಲಿನ ಸಾಮಿಲ್ಲಿನ ಖಾಜಾಸಾಬರು ನನ್ನ ಎರಡನೆಯ ಗುರು. ಅಣ್ಣ ಒಮ್ಮೆ ನನ್ನೊಬ್ಬನನ್ನೇ ಕಳಿಸಿದ. ನಾನು ಹೊರಗಿನಿಂದ ಚೆಂದ ಕಾಣುವ ದಿಮ್ಮಿಯೊಂದನ್ನು ಆರಿಸಿದೆ. ಖಾಜಾಸಾಬರು ಬೀಡಿ ಬಾಯಲ್ಲಿಟ್ಟುಕೊಂಡೇ ಕೇಳಿದರು.

“ಮದುವಿ ಮಾಡ್ಕೊಳ್ಳಾಕ ಹೆಣ್ಣು ನೋಡಾಕತ್ತೀಯೇನೋ? ಬರೇ ಮಾರಿ ನೋಡ್ತಿಯಲ್ಲ.”

“ಛಲೋ ಐತಲ್ರೀ ಸಾಬ್ರ.”

“ತಟ್ಟಿ ಕೇಳೋ ಬೇಟಾ, ತಟ್ಟಿ ಕೇಳು.”

ಕೊಡತಿಯಿಂದ ತಟ್ಟಿದೆ. ಡೋಲು ಬಾರಿಸಿದ ಹಾಗೆ ಕೇಳಿಸಿತು. ಒಳಗೆಲ್ಲ ಟೊಳ್ಳು. ಅವರೇ ಇನ್ನೊಂದನ್ನು ತೋರಿಸಿದರು, ಮಾರಿ ಅಷ್ಟಕ್ಕಷ್ಟೇ, ತಟ್ಟಿದರೆ ಟಣ್ ಎಂದು ಗಟ್ಟಿ ದನಿ. ಮುಂದೆ ಬಹಳ ವರ್ಷ ನಾನು ಅಂಗಡಿಗೆ ಹೋದಾಗಲೆಲ್ಲ ಅವರು, “ಮಾರಿ ನೋಡಾಂವ ಬಂದಾನ್ರೋ!” ಎಂದು ಕೂಗುತ್ತಿದ್ದರು.

ಬುಡ ತುದಿಯ ನಂತರ ಕಲಿಯಬೇಕಾದದ್ದು ಊರು. ಬಳಗಾನೂರಿನ ಕಡೆ ಕಾಲುವೆ ನೀರು, ಭತ್ತದ ಗದ್ದೆ. ಗಾಳಿಯಲ್ಲೇ ತೇವ. ಗುರುಗುಂಟಾದ ಕಡೆ ಒಣನೆಲ. ಒಂದೇ ಕಟ್ಟಿಗೆ ಅಲ್ಲಿ ಉಬ್ಬುತ್ತದೆ, ಇಲ್ಲಿ ಬಿರಿಯುತ್ತದೆ. ಬಳಗಾನೂರಿನ ಬಾಗಿಲಿಗೆ ಒಂದು ನೂಲು ಜಾಗ ಹೆಚ್ಚು ಬಿಡಬೇಕು. ನಾನು ಅಲ್ಲಿನ ಒಂದು ಮನೆಯ ದೇವರಕೋಣೆಗೆ ಬಾಗಿಲು ಕೂಡಿಸಿದ್ದು ಬೇಸಿಗೆಯಲ್ಲಿ. ಸಂದು ಕಾಣದ ಹಾಗೆ ಬಿಗಿ ಮಾಡಿ ಮೆಚ್ಚಿಗೆ ಪಡೆದು ಬಂದಿದ್ದೆ. ಗದ್ದೆಗೆ ನೀರು ಬಿಟ್ಟ ಮೇಲೆ ಆ ಬಾಗಿಲು ಉಬ್ಬಿ, ಒಳಗೆ ಪೂಜೆಗೆ ಕೂತಿದ್ದ ಆ ಮನೆಯ ಅತ್ತೆ ಹೊರಗೆ ಬರಲಾಗಲಿಲ್ಲ. ಸೊಸೆ ಹೊರಗಿನಿಂದ, “ಇನ್ನೊಂದೀಟು ಮಂತ್ರ ಹೇಳ್ರಿ ಅತ್ತಿ, ಬಡಿಗನ್ನ ಕರಸಾಕತ್ತೀವಿ,” ಎಂದಳಂತೆ.

ಆ ಬಾಗಿಲನ್ನು ಹೆರೆದು ಸರಿ ಮಾಡಲು ಅಣ್ಣ ಬಳಗಾನೂರಿಗೆ ಹೋದ. ನನ್ನನ್ನು ಬೈಯಲಿಲ್ಲ. “ಈ ಗುರುಗುಂಟಾದ ಚೌಕಟ್ಟು ಮುಂದುವರಿಸಿರು, ನಾ ಬರ್ತೀನಿ,” ಎಂದಷ್ಟೇ ಹೇಳಿದ. ನಾನು ಹೇಳಬೇಕಾದ ಸಂಗತಿ ಶುರುವಾಗುವುದು ಇಲ್ಲಿಂದ.

ಗುರುಗುಂಟಾದ ಶರಣಮ್ಮ ಎಂಬುವರು ಹೊಸ ಮನೆ ಕಟ್ಟಿಸುತ್ತಿದ್ದರು. ಗಂಡನಿಗಿಂತ ಅವರ ಮಾತೇ ಮನೆಯಲ್ಲಿ ನಡೆಯುತ್ತಿತ್ತು. ತಲೆಬಾಗಿಲಿಗೆ ಎರಡೂ ಕಂಬಗಳ ಮೇಲೆ ಬಳ್ಳಿ ಕೆತ್ತಬೇಕು ಎಂದು ಕೇಳಿದ್ದರು. ಕೆತ್ತನೆ ನನ್ನ ಹುಚ್ಚು. ಅಣ್ಣನಿಗಿಂತ ನನ್ನ ಕೈ ಅದರಲ್ಲಿ ಓಡುತ್ತಿತ್ತು. ಅಣ್ಣ ಎರಡೂ ಕಂಬಗಳಿಗೆ ಬುಡದಲ್ಲಿ ಕಚ್ಚು ಹಾಕಿಟ್ಟು ಹೋಗಿದ್ದ. ನಾನು ಯಾವಾಗ ಬಳ್ಳಿ ಕೆತ್ತಿಯೇನು ಎಂಬ ಅವಸರದಲ್ಲಿ ಎರಡನ್ನೂ ಜೋಡಿಸಿಟ್ಟು ಅಳತೆಗೆ ಕತ್ತರಿಸಿಬಿಟ್ಟೆ. ಎರಡನೆಯ ಕಚ್ಚು ಹಾಕಲಿಲ್ಲ. ಗುರುತುಗಳು ಕತ್ತರಿಸಿದ ತುಂಡುಗಳ ಜೊತೆ ನೆಲಕ್ಕೆ ಬಿದ್ದವು.

ಆಗಲೂ ಏನೂ ಕೆಟ್ಟಿರಲಿಲ್ಲ. ಅಂಗೈ ಮೇಲೆ ತೂಗಿದ್ದರೆ ತಿಳಿಯುತ್ತಿತ್ತು. ನಾನು ಕಣ್ಣಂದಾಜಿನಲ್ಲಿ ಇದು ಬುಡ, ಇದು ತುದಿ ಎಂದು ಇಟ್ಟುಕೊಂಡು ಕೆತ್ತಲು ಕೂತೆ. ಬಲಗಂಬ ಮುಗಿಯಿತು. ಎಡಗಂಬದ ಬಳ್ಳಿ ಬುಡದಿಂದ ಹೊರಟು, ಎಲೆ ಬಿಟ್ಟು, ಹೂವಿನವರೆಗೆ ಹೋಗಿತ್ತು. ಅಲ್ಲಿ ಉಳಿ ಆಳಕ್ಕೆ ಇಳಿದಾಗ ಒಂದು ಸಣ್ಣ ಗಂಟು ಹೊರಬಿತ್ತು. ಅದರ ಎಳೆ ಕೆಳಮುಖವಾಗಿತ್ತು. ಕಂಬ ಎತ್ತಿ ಅಂಗೈ ಮೇಲಿಟ್ಟು ನೋಡಿದೆ. ನಾನು ತುದಿ ಎಂದುಕೊಂಡಿದ್ದ ಕಡೆಗೆ ವಾಲಿತು. ನನ್ನ ಬಳ್ಳಿ ತಲೆಕೆಳಗಾದ ಕಂಬದ ಮೇಲೆ ಹಬ್ಬಿತ್ತು.

ಕಂಬ ತಿರುಗಿಸಿದರೆ ಬಳ್ಳಿ ಕೆಳಮುಖವಾಗುತ್ತದೆ. ಹೊಸ ಕಂಬ ತರಬೇಕೆಂದರೆ ಅಣ್ಣನಿಗೆ ಹೇಳಬೇಕು. ಬಳಗಾನೂರಿನ ಬಾಗಿಲು ಕೆಡಿಸಿದ ಮೇಲೆ ಇದೂ ಒಂದು ಎಂದು ಹೇಳಲು ಬಾಯಿ ಬರಲಿಲ್ಲ. ಹೂವು ಕೆತ್ತಿ ಮುಗಿಸಿದೆ. ಗಂಟಿನ ಮೇಲೆ ಅರಿಸಿನ, ಕುಂಕುಮದ ಬಣ್ಣ ದಪ್ಪಗೆ ಬಳಿದೆ.

ಅಣ್ಣ ಬಂದು ಕೆತ್ತನೆಯ ಮೇಲೆ ಕೈಯಾಡಿಸಿ ಖುಷಿಪಟ್ಟ.

“ನಿನ್ನ ಕೈಯಾಗ ಖರೇನ ಬಳ್ಳಿ ಐತಲೇ. ಬುಡ ನೋಡೀಯಿಲ್ಲೋ?”

“ನೋಡೀನಣ್ಣ,” ಎಂದೆ.

ಅವನು ಮತ್ತೆ ತೂಗಿ ನೋಡಲಿಲ್ಲ. ನಾನು ಹೇಳಿದ ಮೇಲೆ ನೋಡುವುದೇನಿದೆ ಎಂದುಕೊಂಡ. ಚೌಕಟ್ಟು ನಿಲ್ಲಿಸಿದ ದಿನ ಶರಣಮ್ಮನವರು ಅದಕ್ಕೆ ಪೂಜೆ ಮಾಡಿ, ಅಣ್ಣನಿಗೆ ಧೋತರ, ರುಮಾಲು ಆಯೇರ ಮಾಡಿದರು. ನನಗೆ ಒಂದು ಅಂಗಿಬಟ್ಟೆ.

ಎರಡು ಮಳೆಗಾಲದಲ್ಲಿ ಬಣ್ಣ ತೊಳೆದುಹೋಯಿತು. ಆ ಮನೆಯ ಎರಡೂ ಎತ್ತು ಒಂದರ ಹಿಂದೊಂದು ಸತ್ತವು. ಮಗಳು ಮಹಾದೇವಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಅದೇ ಹೊತ್ತಿಗೆ ಬೇರೆ ಊರಿನ ಒಬ್ಬ ಮುದುಕ ಬಡಿಗ ಅವರ ಕಟ್ಟೆಯ ಮೇಲೆ ಕೂತು ನೀರು ಕುಡಿಯುವಾಗ ಆ ಗಂಟನ್ನು ನೋಡಿ, “ಈ ಕಂಬ ತಲಿ ಕೆಳಗ ಐತಲ್ರೀ,” ಎಂದುಬಿಟ್ಟ.

ನಮಗೆ ಹೇಳಿಕಳಿಸಿದರು. ನಾವು ಹೋದಾಗ ಓಣಿಯ ಜನವೆಲ್ಲ ಸೇರಿತ್ತು. ಅಣ್ಣ ಗಂಟಿನ ಮೇಲೆ ಹೆಬ್ಬೆರಳು ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

“ಕಾಳಪ್ಪ,” ಎಂದರು ಶರಣಮ್ಮ, “ನಿನ್ನ ನಂಬಿ ಕಣ್ ಮುಚ್ಚಿ ತಲಿಬಾಗಲಾ ಒಪ್ಪಿಸಿದ್ವಿ. ನಿನ್ನ ಕಣ್ಣು ಎಲ್ಲಿ ಇಟ್ಟಿದ್ದೆಪಾ? ನನ್ನ ಮಗಳ ಬಾಳೇವು ಅನ್ನೋದು ನಿನಗ ಆಟ ಆತೇನು?”

ಅಣ್ಣ ತಿರುಗಿ ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಹೇಳುತ್ತೀಯೋ ಎಂದು ಕಾಯುವ ಹಾಗಿತ್ತು. ನಾನು ಬಗ್ಗಿ, ಚೀಲದಲ್ಲಿದ್ದ ಉಳಿಗಳನ್ನು ಸರಿಯಾಗಿ ಜೋಡಿಸಲು ಶುರು ಮಾಡಿದೆ. ಅವು ಸರಿಯಾಗಿಯೇ ಇದ್ದವು.

“ತಪ್ಪು ನಂದ ಐತ್ರಿ ಯವ್ವಾ,” ಎಂದ ಅಣ್ಣ. “ನಾ ನೋಡಬೇಕಿತ್ತು, ನೋಡಲಿಲ್ಲ. ಕಿತ್ತಿ ಬ್ಯಾರೇದು ಹಾಕಿಕೊಡ್ತೀನಿ.”

“ನನ್ನ ಬಾಗಲಾ ಇನ್ನ ಮುಟ್ಟಬ್ಯಾಡ ನೀ.”

ಎತ್ತು ಸತ್ತದ್ದು ಆ ಕಂಬದಿಂದ ಎಂದು ನಾನು ಹೇಳಲಾರೆ. ಅಣ್ಣನ ಹೆಸರು ಹೋದದ್ದು ಮಾತ್ರ ಅದರಿಂದಲೇ. ಲಿಂಗಸುಗೂರಿನ ಸುತ್ತಲಿನ ಯಾವ ಊರಿನಲ್ಲೂ ಬಾಗಿಲು ನಿಲ್ಲಿಸಲು ಅವನನ್ನು ಕರೆಯಲಿಲ್ಲ. ಅವನು ಮಂಚ, ಮೇಜು, ಕುಂಟೆ, ಕೂರಿಗೆ ಮಾಡಿಕೊಂಡು ಉಳಿದ. ನನ್ನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಆದರೂ ಅಣ್ಣನ ಚಪ್ಪರದ ಕೆಳಗೆ ಕೂಡುವುದು ನನಗೇ ಆಗಲಿಲ್ಲ. ಮಸ್ಕಿಗೆ ಬಂದು ಬೇರೆ ಅಂಗಡಿ ಇಟ್ಟೆ. ನಾನು ಬೇರೆಯಾದೆ ಎಂದು ಜನ ಅವನನ್ನೇ ಇನ್ನಷ್ಟು ಆಡಿಕೊಂಡರು: ತಮ್ಮನೂ ಬಿಟ್ಟು ಹೋಗ್ಯಾನ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಕರೆಂಟಿನ ರಂದಾ ಬಂತು. ದಿನವೆಲ್ಲ ಹೆರೆಯುವುದನ್ನು ಚಹಾ ಆರುವಷ್ಟರಲ್ಲಿ ಮುಗಿಸಿತು. ಪ್ಲೈವುಡ್ ಬಂತು, ಅದಕ್ಕೆ ಬುಡವೂ ಇಲ್ಲ ತುದಿಯೂ ಇಲ್ಲ. ಕಾಲುವೆ ಬಯಲಿಗೆ ವಲಸೆ ಬಂದ ರೈತರ ಕ್ಯಾಂಪುಗಳಲ್ಲಿ ಭತ್ತದ ಬೆಳೆ ಕೈಗೆ ಬಂದವರು ಸೋಫಾ ಕೇಳಿದರು, ಟೀವಿ ಇಡುವ ಗೋಡೆಗಪಾಟು ಕೇಳಿದರು. ಈಗ ಕಂಪ್ಯೂಟರಿನಿಂದ ಕೆತ್ತುವ ಮಷಿನ್ ಸಿಂಧನೂರಿಗೇ ಬಂದಿದೆ. ನಾನು ಒಮ್ಮೆ ಹೋಗಿ ನಿಂತು ನೋಡಿದೆ. ನಾನು ವಾರಗಟ್ಟಲೆ ಕೆತ್ತುತ್ತಿದ್ದ ಬಳ್ಳಿಯನ್ನು ಅದು ಒಂದು ತಪ್ಪಿಲ್ಲದೆ ಕೆತ್ತಿತು. ಹೊಟ್ಟೆಕಿಚ್ಚಾಗಲಿಲ್ಲ. ಮಷಿನ್ನಿಗೆ ಕಂಬ ಹಾಕುವ ಕೈ ಬುಡ ನೋಡಿದ್ದರೆ ಸಾಕು, ಉಳಿದದ್ದು ಅದು ನೋಡಿಕೊಳ್ಳುತ್ತದೆ.

ಮಸ್ಕಿಯ ಒಬ್ಬ ಮೇಷ್ಟ್ರು ಹಳೆಯ ರೀತಿಯಲ್ಲಿ ಕಟ್ಟಿಗೆ ಕಂಬದ ಪಡಸಾಲೆ ಬೇಕೆಂದರು. ಮೊಳೆಯಿಲ್ಲದೆ, ಬರೀ ತೂತು ಮತ್ತು ನಾಲಿಗೆಯ ಕೂಡಿಕೆಯಲ್ಲಿ ಅದನ್ನು ನಿಲ್ಲಿಸಿದೆ. ಅವರೇ ಅದರ ಫೋಟೋ ತೆಗೆದು ಪ್ರಶಸ್ತಿಗೆ ಕಳಿಸಿದರು. ನೋಡಲು ಬಂದವರಲ್ಲಿ ಒಬ್ಬ ಹೆಣ್ಣುಮಗಳು ಕಟ್ಟಡದ ವಿಷಯ ಚೆನ್ನಾಗಿ ಬಲ್ಲವರು. ಕೂಡಿಕೆ ನೋಡಿದರು, ನೆಲಕ್ಕೆ ಕೂತು ಕಂಬದ ಕಾಲು ನೋಡಿದರು. ಆಮೇಲೆ ಗೆರೆಗಳ ಮೇಲೆ ಬೆರಳಿಟ್ಟು ಕಂಬದಿಂದ ಕಂಬಕ್ಕೆ ಹೋಗಿ, “ಎಲ್ಲಾ ಮರ ನಿಂತ ಹಾಗೇ ನಿಂತಿವೆಯಲ್ಲ!” ಎಂದರು. ಪ್ರಶಸ್ತಿ ಕೊಡುವಾಗ ವೇದಿಕೆಯಲ್ಲೂ ಅದನ್ನೇ ಹೇಳಿ, ನನ್ನ ಮುಂದೆ ಮೈಕು ಹಿಡಿದು ಕೇಳಿದರು, “ಇದನ್ನು ನಿಮಗೆ ಕಲಿಸಿದವರು ಯಾರು?”

ಅಣ್ಣ ಮುಂದಿನ ಸಾಲಿನಲ್ಲೇ ಕೂತಿದ್ದ. ನಾನೇ ಕರೆದುಕೊಂಡು ಹೋಗಿದ್ದೆ. ಅವನ ಹಿಂದೆ ನಮ್ಮ ತಾಲೂಕಿನ ಬಡಿಗರು ಕೂತಿದ್ದರು. ಕಾಳಪ್ಪ ಎಂದರೆ, ಯಾವ ಕಾಳಪ್ಪ, ಗುರುಗುಂಟಾದ ಬಾಗಿಲು ತಲೆಕೆಳಗೆ ಇಟ್ಟವನೇ ಎಂದು ಕೇಳುತ್ತಾರೆ ಅನ್ನಿಸಿತು.

“ನಮ್ಮ ಹಿರ್ಯಾರು ಕಲಿಸ್ಯಾರ್ರಿ,” ಎಂದೆ. ಚಪ್ಪಾಳೆ ಬಿತ್ತು.

ಬಸ್ಸಿನಲ್ಲಿ ಬರುವಾಗ ಅಣ್ಣ ನನ್ನ ಹೆಗಲ ಮೇಲಿನ ಶಾಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಛಲೋ ನೇಯ್ಗಿ ಐತಿ,” ಎಂದ. ಅಷ್ಟೇ. ಮೊದಲನೆಯ ಸುಳ್ಳು ಹೆದರಿ ಹೇಳಿದ್ದು. ಈ ಎರಡನೆಯದಕ್ಕೆ ಹೆದರುವ ವಯಸ್ಸೂ ನನ್ನದಾಗಿರಲಿಲ್ಲ.

ಪ್ರಶಸ್ತಿಯ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ಗುರುಗುಂಟಾದಿಂದ ಫೋನ್ ಬಂತು. ಮಾತಾಡಿದ್ದು ಶರಣಮ್ಮನವರ ಮಗಳು ಮಹಾದೇವಿ. ಈಗ ಸರಕಾರಿ ದವಾಖಾನೆಯಲ್ಲಿ ನರ್ಸ್. ಮನೆ ದುರಸ್ತಿ ಮಾಡಿಸುತ್ತಿದ್ದೇನೆ, ತಲೆಬಾಗಿಲು ನೀವೇ ಬಂದು ನೋಡಿ ಎಂದರು. “ನಿಮ್ಮಣ್ಣಾರನ್ನ ಮಾತ್ರ ಕರ್ಕೊಂಡು ಬರಬ್ಯಾಡ್ರಿ. ಅವರ ಹೆಸರು ಅಂದ್ರ ಅವ್ವಗ ಇನ್ನಾ ಆಗಂಗಿಲ್ಲ.”

ಹೋದೆ. ನಾನು ಕೆತ್ತಿದ ಬಳ್ಳಿ ಮಾಸಿತ್ತು, ಗಂಟು ಹಾಗೆಯೇ ಇತ್ತು. ಶರಣಮ್ಮ ಕಟ್ಟೆಯ ಮೇಲೆ ಕೂತಿದ್ದರು, ಮುಪ್ಪಾಗಿದ್ದರು, ದನಿ ಮುಪ್ಪಾಗಿರಲಿಲ್ಲ.

“ನೋಡಪಾ, ನಿಮ್ಮಣ್ಣ ಮಾಡಿದ್ದು. ನೀನರ ಸರಿ ಮಾಡು.”

“ನಮ್ಮಣ್ಣ ಮಾಡಿದ್ದಲ್ರಿ ಯವ್ವಾ,” ಎಂದೆ. “ಗುರುತು ಕತ್ತರಿಸಿದಾಂವ ನಾ. ಬುಡ ನೋಡೀನಿ ಅಂತ ಅಣ್ಣಗ ಸುಳ್ಳು ಹೇಳಿದಾಂವ ನಾ. ಅವತ್ತು ಇಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.”

ಮಹಾದೇವಿ ವಾತಾವರಣ ಹಗುರ ಮಾಡಲು ನಕ್ಕರು. “ಹೋಗ್ಲಿ ಬಿಡವ್ವ. ಆ ಸಂಬಂಧ ಮುರಿದಿದ್ದ ಛಲೋ ಆತು. ಇಲ್ಲಾಂದ್ರ ನಾ ಎಲ್ಲಿ ನರ್ಸ್ ಆಗ್ತಿದ್ದೆ?”

ಮುದುಕಿ ನಗಲಿಲ್ಲ. “ನೀ ಸುಮ್ಕಿರು. ಆ ಮನಷ್ಯಾಗ ನಾ ಅಂದ ಮಾತು ವಾಪಸ್ ಹೆಂಗ ತಗೊಳ್ಳಲಿ? ಲೇ ಮೌನೇಶಾ, ಅವನ್ನ ಕರ್ಕೊಂಡು ಬಾ. ಅವತ್ತು ಯಾರ್ ಯಾರ್ ಮುಂದ ಬೈದೀನಿ, ಅವರ ಮುಂದ ನಿಂತು ನೀ ಹೇಳಬೇಕು. ಹೇಳಿದ ಮ್ಯಾಲೆ ನನ್ನ ಬಾಗಲಾ ಮುಟ್ಟು.”

ಲಿಂಗಸುಗೂರಿಗೆ ಹೋಗಿ ಅಣ್ಣನಿಗೆ ಎಲ್ಲ ಹೇಳಿದೆ. ಅವನು ಕುಡುಗೋಲಿನ ಹಿಡಿ ಹೆರೆಯುತ್ತಿದ್ದ, ಹೆರೆಯುತ್ತಲೇ ಇದ್ದ.

“ನಾ ಬರಂಗಿಲ್ಲ. ಕಣ್ಣು ಮಂಜಾಗ್ಯಾವ. ಮುಗದದ್ದು ಮುಗೀತು.”

“ಬರಲೇಬೇಕಣ್ಣ.”

“ಆ ಕಂಬ ಏನ್ ಮಾಡ್ತಿ?”

“ಕಿತ್ತು ಒಗದು ಹೊಸಾದು ಹಾಕ್ತೀನಿ.”

ಅವನ ಕೈ ನಿಂತಿತು. “ಹಂತಾ ಸಾಗವಾನಿ ಒಗೀತಿಯಾ? ನಿನಗ ಬುದ್ಧಿ ಯಾವಾಗ ಬರೂದಲೇ? ನಡಿ, ಬರ್ತೀನಿ.”

ಗುರುಗುಂಟಾದಲ್ಲಿ ಅವತ್ತಿನ ಜನರಲ್ಲಿ ಉಳಿದವರು ಬಂದಿದ್ದರು, ಇಲ್ಲದವರ ಮಕ್ಕಳು ಬಂದಿದ್ದರು. ಬಾಗಿಲ ಮುಂದೆ ನಿಂತು ಹೇಳಿದೆ. ವೇದಿಕೆಯಲ್ಲಿ ನುಂಗಿದ ಹೆಸರನ್ನೂ ಹೇಳಿದೆ: ನನಗೆ ಬುಡ ತುದಿ ಕಲಿಸಿದವನು ಈ ಕಾಳಪ್ಪ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಒಬ್ಬ ಮುದುಕ, “ಇಷ್ಟ್ ದಿನ ಬೇಕಾತೇನಪಾ?” ಎಂದ. ಶರಣಮ್ಮ ಎದ್ದು ಬಂದು ಅಣ್ಣನ ಕೈಗೆ ಧೋತರ, ರುಮಾಲು ಕೊಟ್ಟು, “ಮುಟ್ಟಬ್ಯಾಡ ಅಂದಿದ್ದೆ. ಈಗ ನೀನ ಮುಟ್ಟಪಾ ಕಾಳಪ್ಪ,” ಎಂದರು.

ಚೌಕಟ್ಟು ಬಿಚ್ಚಿ ಎಡಗಂಬವನ್ನು ಹೊರಗೆ ತೆಗೆದೆವು. ಅಣ್ಣ ಅದರ ನಡುವನ್ನು ಅಂಗೈ ಮೇಲೆ ತೆಗೆದುಕೊಂಡ. ಕಣ್ಣು ಮುಚ್ಚಿದ್ದ. ಬಾಗಿಲಲ್ಲಿ ಮೇಲಿದ್ದ ಕಡೆ ಮೆಲ್ಲಗೆ ವಾಲಿತು. ಅವನು ಕಂಬವನ್ನು ತಿರುಗಿಸಿ ನೆಲಕ್ಕೆ ನಿಲ್ಲಿಸಿದ. ಬಳ್ಳಿ ಈಗ ಮೇಲಿನಿಂದ ಹೊರಟು, ಎಲೆ ಬಿಟ್ಟು, ಹೂವನ್ನು ಹೊಸ್ತಿಲ ಕಡೆಗೆ ಚಾಚಿತ್ತು.

“ಬಾಗಲಾ ಕೂಡು ಸಂದು ಆಚಿ ಬದಿಗೆ ಹೊಡದು, ಹಳೇ ಸಂದಿಗೆ ಕಟ್ಟಿಗಿ ಪಟ್ಟಿ ತುಂಬು. ಬಾಗಲಾ ಬರೋಬರಿ ಕೂಡತೈತಿ.”

“ಬಳ್ಳಿ ತಲಿ ಕೆಳಗ ಆತಲ್ಲಣ್ಣ?”

ಅವನು ನನ್ನ ಕಡೆ ತಿರುಗಿದ. ಅವತ್ತಿನ ಹಾಗೆಯೇ, ಸಿಟ್ಟಿಲ್ಲದ ನೋಟ.

“ಯಾಕಲೇ, ಚಪ್ಪರದ ಬಳ್ಳಿ ಕೆಳಗ ಇಳಿಯಂಗಿಲ್ಲೇನು? ಒಂದು ಏರತೈತಿ, ಒಂದು ಇಳೀತೈತಿ. ಅವತ್ತ ಕೇಳಿದ್ರ ಅವತ್ತ ಹೇಳ್ತಿದ್ದೆ.”

ನಾನು ಹೊಸ್ತಿಲ ಕಡೆಗೆ ಇಳಿದ ಹೂವನ್ನು ನೋಡಿದೆ.

“ನಿಂತ್ ಏನ್ ನೋಡಾಕತ್ತಿ? ಉಳಿ ತಗೋ,” ಎಂದ ಅಣ್ಣ, ಕಂಬದ ಬುಡಕ್ಕೆ ಹೆಬ್ಬೆರಳು ಒತ್ತಿ ತೋರಿಸುತ್ತ. “ಇಲ್ಲಿ ಗುರುತು ಹಾಕು.”

ಹಾಕಿದೆ.